ಬೇಸ್ ಐತಿ

ನಮ್ಮ ಕಡೆ ‘ಬೇಸ್’ ಅನ್ನೋದಕ್ಕೆ ಇಂಗ್ಲಿಷ್ ಬರಬೇಕಂತಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕಲ್ಲಿ ಎಲ್ಲಿಗೆ ಹೋದರೂ ಊಟ ಬೇಸ್ ಇರುತ್ತೆ, ಮಳೆ ಬೇಸ್ ಆಗುತ್ತೆ, ಮಗಳಿಗೆ ಬೇಸ್ ಮನೆತನ ಸಿಗುತ್ತೆ. ಬೇಸ್ ಅಂದರೆ ಚೆನ್ನಾಗಿದೆ ಅಂತ. ನಮ್ಮ ಸೋದರಮಾವ ಮೊದಲ ಸಲ ಮನೇಲಿ “ಆರ್ಕೆಸ್ಟ್ರಾದಾಗ ನಾನು ಬೇಸ್ ಬಾರಸ್ತೀನಿ” ಅಂದಾಗ ನಮ್ಮಜ್ಜಿ, “ಬೇಸ್ ಬಾರಸ್ತಿಯೋ, ಹೆಂಗ್ ಬಾರಸ್ತಿಯೋ, ಅದನ್ನ ಮಂದಿ ಹೇಳ್ಬೇಕಪ, ನೀನಲ್ಲ” ಅಂದಿದ್ದಳಂತೆ.

ಅಜ್ಜಿಯ ಆ ಮಾತು ತಮಾಷೆಯಾಗಿ ಉಳಿದಿದ್ದರೆ ಈ ಬರಹವೇ ಬೇಕಿರಲಿಲ್ಲ. ಮಾವನಿಗೆ ಈಗ 58 ದಾಟಿದೆ. ಅವನು ಬೇಸ್ ಬಾರಿಸುತ್ತಿದ್ದ ಅಂತ ಈಗ ನಿಜವಾಗಲೂ ಮಂದಿಯೇ ಹೇಳಬೇಕಾಗಿದೆ, ಅದೂ ಬರವಣಿಗೆಯಲ್ಲಿ.

ಮೊದಲು ವಾದ್ಯದ ಬಗ್ಗೆ ಎರಡು ಮಾತು. ಬೇಸ್ ಗಿಟಾರ್‌ಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ಮಾಮೂಲಿ ಗಿಟಾರಿನ ಕೆಳಗಿನ ನಾಲ್ಕು ಸ್ವರಗಳೇ, ಆದರೆ ಒಂದು ಸ್ಥಾಯಿ ಕೆಳಗೆ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಅದುರುತ್ತೆ. ಅಷ್ಟು ತಗ್ಗಿನ ಸದ್ದು ನಿಮ್ಮ ಫೋನಿನ ಸ್ಪೀಕರಲ್ಲಿ ಹೊರಡೋದಿಲ್ಲ, ಅದಕ್ಕೆ ಆ ಶಕ್ತಿಯೇ ಇಲ್ಲ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ‘ಪ್ರಿಸಿಷನ್ ಬೇಸ್’ ಬರೋ ತನಕ ಆಳೆತ್ತರದ ಡಬಲ್ ಬೇಸನ್ನು ಹೊತ್ತುಕೊಂಡು ತಿರುಗೋದೇ ಬಹುತೇಕ ಬೇಸ್ ವಾದಕರ ಹಣೆಬರಹವಾಗಿತ್ತು. ನಮಗೆ ಕನ್ನಡದವರಿಗೆ ಇದರ ಸವಿ ಹತ್ತಿಸಿದ್ದು ಇಳಯರಾಜಾ. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರದ ಹಾಡುಗಳನ್ನು ಈ ಸಲ ಒಳ್ಳೆ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ದನಿಯ ಕೆಳಗೆ ಇನ್ನೊಂದು ಹಾಡು ಓಡ್ತಿರುತ್ತೆ. ನೀವು ಚಿಕ್ಕಂದಿನಿಂದ ಅದನ್ನೂ ಕೇಳಿದ್ದೀರಿ. ಕೇಳಿದ್ದು ಗೊತ್ತಿಲ್ಲ, ಅಷ್ಟೆ.

ಮಾವ ಆ ಹಾಡುಗಳಿಗಾಗಿಯೇ 1991ರಲ್ಲಿ ಹುಬ್ಬಳ್ಳಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಬೇಸ್ ತಂದ. ಕಪ್ಪು ಬಣ್ಣ, ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಉದ್ದದ ಕತ್ತು, ನಾಲ್ಕು ಕೆ.ಜಿ. ತೂಕ. ಅಜ್ಜನ ಹಳೇ ಧೋತರ ಸುತ್ತಿ, ಅದರ ಮೇಲೆ ಗೊಬ್ಬರದ ಚೀಲ ಹಾಕಿ, ಬಸ್ಸಿನ ಟಾಪ್ ಮೇಲೆ ಇಡೋಕೆ ಮನಸ್ಸು ಬರದೆ ತೊಡೆ ಮೇಲೆ ಇಟ್ಟುಕೊಂಡು ಬಂದನಂತೆ. ಕಂಡಕ್ಟರ್ “ಏನಪ ಇದು, ಹೆಣ ಏನು?” ಅಂದದ್ದನ್ನ ಮಾವ ಇವತ್ತಿಗೂ ನಕ್ಕೊಂಡು ಹೇಳ್ತಾನೆ.

ಅವನದು ರಸಮಂಜರಿ ಆರ್ಕೆಸ್ಟ್ರಾ. ಭರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ, ಅದಾದ ಮೇಲೆ ನಮ್ಮ ಕೊಟ್ಟೂರೇಶ್ವರನ ತೇರು, ಆಮೇಲೆ ಊರೂರಿನ ಜಾತ್ರೆ, ಬೇಸಿಗೆ ತುಂಬ ಮದುವೆ. ಒಂದು ಮೆಟಾಡೋರ್‌ನಲ್ಲಿ ಹತ್ತು ಜನ, ಎರಡು ಆಂಪ್ಲಿಫೈಯರ್, ಒಂದು ಡ್ರಮ್ ಸೆಟ್. ರಾತ್ರಿ ಹತ್ತಕ್ಕೆ ಶುರುವಾದರೆ ಕೋಳಿ ಕೂಗೋ ಹೊತ್ತಿಗೆ ಮುಗೀತಿತ್ತು. ಮಧ್ಯೆ ಮಂಡಕ್ಕಿ, ಮಿರ್ಚಿ, ಚಾ. ಒಂದು ರಾತ್ರಿಗೆ ಮಾವನಿಗೆ ನೂರೈವತ್ತು ರೂಪಾಯಿ. ಹೊಸ ತಂತಿಯ ಒಂದು ಸೆಟ್ ತರಬೇಕಂದರೆ ನಾಲ್ಕು ರಾತ್ರಿಯ ದುಡ್ಡು ಬೇಕಿತ್ತು. ಅದಕ್ಕೆ ಆರು ತಿಂಗಳಿಗೊಮ್ಮೆ ತಂತಿ ಬಿಚ್ಚಿ, ನೀರಲ್ಲಿ ಹಾಕಿ, ಅಜ್ಜಿಯ ಒಲೆ ಮೇಲೆ ಕುದಿಸೋನು. ಸುತ್ತಿನ ಸಂದಿಯಲ್ಲಿ ಕೂತ ಬೆವರು, ಮಣ್ಣು ಬಿಟ್ಟುಕೊಂಡು ತಂತಿಗೆ ಮತ್ತೆ ಸ್ವಲ್ಪ ದಿನ ಜೀವ ಬರುತ್ತೆ. ಅಜ್ಜಿ ಬಂದೋರಿಗೆಲ್ಲ “ನಮ್ಮ ಹುಡುಗ ಶ್ಯಾವಿಗಿ ಬೇಯಿಸ್ಲಿಕ್ಕತ್ಯಾನ” ಅಂತ ಹೇಳ್ತಿದ್ದಳು. ಇದು ಅವನೊಬ್ಬನ ಉಪಾಯ ಅಂದ್ಕೊಂಡಿದ್ದೆ. ಪ್ರಪಂಚದ ಬಡ ಬೇಸಿಸ್ಟುಗಳೆಲ್ಲ ತಂತಿ ಬೇಯಿಸ್ತಾರೆ ಅಂತ ನಾನೇ ಬೇಸ್ ಕೊಂಡ ಮೇಲೆ ಗೊತ್ತಾಯ್ತು.

ಅವನಿಗೆ ಕಲಿಸಿದ ಗುರು ಯಾರು ಅಂತ ಒಮ್ಮೆ ಕೇಳಿದೆ. “ಚೌಡಿಕಿ” ಅಂದ.

ಚೌಡಿಕೆ ನೋಡದವರಿಗೆ ಹೇಳ್ತೀನಿ. ಕಟ್ಟಿಗೆಯ ಒಂದು ಕೊಳಗ, ಅದರ ಒಂದು ಬಾಯಿಗೆ ತೊಗಲು, ತೊಗಲಿನ ನಡುವಿಂದ ಹೊರಟ ಒಂದೇ ತಂತಿ. ಕೊಳಗವನ್ನು ಕಂಕುಳಲ್ಲಿ ಒತ್ತಿ ಹಿಡಿದು, ಒಂದು ಕೈಲಿ ತಂತಿ ಜಗ್ಗುತ್ತ, ಇನ್ನೊಂದು ಕೈಲಿ ಮೀಟಬೇಕು. ಜಗ್ಗಿದರೆ ಸ್ವರ ಏರುತ್ತೆ, ಸಡಿಲ ಬಿಟ್ಟರೆ ಇಳಿಯುತ್ತೆ. ತಾಳವೂ ಅದೇ, ಸ್ವರವೂ ಅದೇ. ಎಲ್ಲಮ್ಮನ ಪದ ಹಾಡೋ ಜೋಗತಿಯರ ವಾದ್ಯ ಇದು. ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ಹೋಗೋ ದಾರಿಯಲ್ಲಿ ಸಿಗೋ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ದೇಶಕ್ಕೆಲ್ಲ ಜೋಗತಿ ಕಲೆಯ ಪರಿಚಯವಾಯ್ತು. ಮಾವನಿಗೆ ಅದು ಹುಣ್ಣಿಮೆ ದಿನ ಮನೆ ಬಾಗಿಲಿಗೆ ಬರ್ತಿದ್ದ ಸದ್ದು. “ಆಕಿ ಹಾಡೋದು ಬಾಯಿಲೆ ಅಲ್ಲ, ಚೌಡಿಕಿ ಎಲ್ಲಿ ಕರಕೊಂಡು ಹೋಗ್ತೈತೋ ಅಲ್ಲಿ ಹೋಗ್ತಾಳ ನೋಡು. ಬೇಸೂ ಅದೇ ಕೆಲಸ. ಹಾಡೋರನ್ನ ಕೈ ಹಿಡಿದು ಕರಕೊಂಡು ಹೋಗಬೇಕು, ಆದ್ರ ಕೈ ಹಿಡಿದಿದ್ದು ಯಾರಿಗೂ ಕಾಣಬಾರದು.” ಬೆಂಗಳೂರಲ್ಲಿ ಗಂಟೆಗಿಷ್ಟು ಅಂತ ಫೀಸು ಕಟ್ಟಿ ಕಲಿತ ನನಗೆ ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.

2003ರ ಹೊತ್ತಿಗೆ ಆರ್ಕೆಸ್ಟ್ರಾಕ್ಕೆ ಹೊಸ ಕೀಬೋರ್ಡ್ ಬಂತು. ಎಡಗೈಲಿ ಮೂರು ಕೀಲಿ ಒತ್ತಿದರೆ ಸಾಕು, ಡ್ರಮ್ಸ್, ಬೇಸ್ ಎಲ್ಲ ತಾನೇ ಹೊಡ್ಕೊಳ್ಳೋದು. ಒಬ್ಬರ ಪಗಾರ ಉಳೀತು, ಮೆಟಾಡೋರ್‌ನಲ್ಲಿ ಒಂದು ಸೀಟು ಉಳೀತು. ಮಾವನನ್ನು ಯಾರೂ ಬಿಡಿಸಲಿಲ್ಲ. ಕರೆಯೋದು ಕಮ್ಮಿಯಾಯ್ತು, ಆಮೇಲೆ ನಿಂತೇ ಹೋಯ್ತು. ಅವನು ಕೊಟ್ಟೂರಲ್ಲಿ ಸೈಕಲ್ ರಿಪೇರಿ ಅಂಗಡಿ ಹಾಕಿದ. ಬೇಸ್ ಅಂಗಡಿಯ ಗೋಡೆಗೆ, ಹಳೇ ಟಯರುಗಳ ಪಕ್ಕ ನೇತು ಬಿತ್ತು. ನಮ್ಮ ಬಿಸಿಲಿಗೆ ಕತ್ತು ಒಣಗಿ ಬಾಗಿ, ತಂತಿ ಬೆರಳಿಗೆ ಸಿಗದಷ್ಟು ಮೇಲೆದ್ದು ನಿಂತವು.

ವಿಚಿತ್ರ ಏನಂದರೆ, ಆಮೇಲೆ ನಮ್ಮೂರಲ್ಲಿ ಬೇಸ್ ಕಮ್ಮಿ ಆಗಲಿಲ್ಲ, ಹೆಚ್ಚಾಯ್ತು. ಈಗ ಯಾವ ಮೆರವಣಿಗೆಯಲ್ಲಿ ನಿಂತರೂ ಡಿಜೆ ಬಾಕ್ಸ್‌ಗಳ ಹೊಡೆತಕ್ಕೆ ಕಿಟಕಿ ಗಾಜು ನಡುಗುತ್ತೆ, ಎದೆಗೂಡು ಅದುರುತ್ತೆ. ಸದ್ದು ಇದೆ, ಅದನ್ನು ಎಲ್ಲಿ ನಿಲ್ಲಿಸಬೇಕು ಅಂತ ಕಿವಿಗೊಟ್ಟು ಕಾಯೋ ಮನುಷ್ಯ ಇಲ್ಲ. ಮೈಲಾರದ ಕಾರಣಿಕ ನೋಡಿದವರಿಗೆ ಈ ಮಾತು ಬೇಗ ಅರ್ಥವಾದೀತು. ಗೊರವಯ್ಯ ಬಿಲ್ಲೇರಿ “ಸದ್ದಲೇ” ಅಂತಾನೆ. ಡಮರುಗ, ಕೂಗು, ಮಕ್ಕಳ ಅಳು ಎಲ್ಲ ಒಮ್ಮೆಲೇ ನಿಲ್ಲುತ್ತೆ. ಆ ಮೌನ ಇಲ್ಲದಿದ್ದರೆ ಮುಂದಿನ ನುಡಿಗೆ ತೂಕವೇ ಬರೋದಿಲ್ಲ. ಬೇಸ್ ನುಡಿಸೋನ ಅರ್ಧ ಕೆಲಸ ತಂತಿ ಮೀಟೋದು, ಇನ್ನರ್ಧ ಅಂಗೈ ಇಟ್ಟು ತಂತಿಯನ್ನು ಸುಮ್ಮನಾಗಿಸೋದು.

ಹೋದ ವರ್ಷ ಮಾವನ ಮಂಡಿ ಕೈಕೊಟ್ಟಿತು. ಸೈಕಲ್ ಅಂಗಡಿ ವಾರಕ್ಕೆ ಮೂರು ದಿನವಾಯ್ತು. ಕಷ್ಟದಲ್ಲಿರೋ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತಲ್ಲ, ಅದಕ್ಕೆ ಅರ್ಜಿ ಹಾಕಿಸೋಣ ಅಂತ ನಾನು ಹೊರಟೆ. ಅರ್ಜಿ ಅಂದ ಮೇಲೆ ದಾಖಲೆ ಬೇಕು: ಕಾರ್ಯಕ್ರಮದ ಕರಪತ್ರ, ಫೋಟೊ, ಪ್ರಮಾಣಪತ್ರ. ಕೇಳೋದರಲ್ಲಿ ತಪ್ಪೇನೂ ಇಲ್ಲ. ದಾಖಲೆ ಇಲ್ಲದೆ ಯಾರು ಕಲಾವಿದ, ಯಾರು ಅಲ್ಲ ಅಂತ ಹೇಗೆ ತಾನೆ ಹೇಳೋದು?

ಅತ್ತೆ ಟ್ರಂಕಿನಿಂದ ಒಂದು ಕಟ್ಟು ಕರಪತ್ರ ತೆಗೆದಳು. ಎಣಿಸಿದೆ, ನಲವತ್ತಮೂರು. ಹರಪನಹಳ್ಳಿಯದ್ದೇ ಹನ್ನೆರಡು. 1997ರಲ್ಲಿ ಆ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಹೋಗಿದ್ದರಿಂದ ಕೆಲವದರಲ್ಲಿ ‘ಬಳ್ಳಾರಿ ಜಿಲ್ಲೆ’, ಕೆಲವದರಲ್ಲಿ ‘ದಾವಣಗೆರೆ ಜಿಲ್ಲೆ’ ಅಂತಿದೆ. ಈಗ ಅದು ವಿಜಯನಗರ ಜಿಲ್ಲೆ. ಊರಿನ ವಿಳಾಸ ಬದಲಾಗಿದ್ದಕ್ಕೂ ಕಾಗದದಲ್ಲಿ ಸಾಕ್ಷಿ ಇದೆ. ಗಾಯಕರ ಹೆಸರಿದೆ, ಫೋಟೊ ಇದೆ. ಮಿಮಿಕ್ರಿ ಮಾಡೋನ ಹೆಸರಿದೆ. ಪೆಂಡಾಲಿನವರ, ಧ್ವನಿವರ್ಧಕದವರ, ಪ್ರೆಸ್ಸಿನವರ ಹೆಸರೂ ಇದೆ. ಮಾವನ ಹೆಸರು ಒಂದರಲ್ಲೂ ಇಲ್ಲ. ‘ಮತ್ತು ಸಂಗಡಿಗರು’ ಅಂತ ಇದೆಯಲ್ಲ, ಅದರಲ್ಲಿ ಇದ್ದಾನೆ.

ಫೋಟೊಗಳೂ ಅಷ್ಟೆ. ಹಾಡೋರ ಭುಜದ ಹಿಂದೆ ಬೇಸಿನ ಕತ್ತು ಮಾತ್ರ ಇಣುಕುತ್ತೆ. ನಾಲ್ಕು ಬಿರಡೆ ಲೆಕ್ಕ ಹಾಕಬಹುದು, ಮನುಷ್ಯನ ಮುಖ ಕಾಣಲ್ಲ.

ಇದು ನಮ್ಮೂರಿನ ಕಥೆಯಷ್ಟೇ ಅಲ್ಲ. ಅಮೆರಿಕದ ಮೋಟೌನ್ ಕಂಪನಿಯ ಸಾಲು ಸಾಲು ಜನಪ್ರಿಯ ಹಾಡುಗಳಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಹೆಸರು ಆಲ್ಬಂ ಹೊದಿಕೆ ಮೇಲೆ ಅಚ್ಚಾಗೋಕೆ 1971ರ ತನಕ, ಮಾರ್ವಿನ್ ಗೇ ಆಲ್ಬಂ ಬರೋ ತನಕ ಕಾಯಬೇಕಾಯ್ತು. ತೋರುಬೆರಳು ಒಂದರಲ್ಲೇ ಮೀಟ್ತಿದ್ದ ಮನುಷ್ಯ ಆತ. ನಮ್ಮ ಕಾಲ ವಾಸಿ. ರಘು ದೀಕ್ಷಿತ್ ಪ್ರಾಜೆಕ್ಟ್‌ನಲ್ಲಿ ಬೇಸ್ ನುಡಿಸಿದ ಗೌರವ್ ವಾಜ್, ಸ್ವರಾತ್ಮದ ಜಿಷ್ಣು ದಾಸ್‌ಗುಪ್ತ ಅವರ ಹೆಸರು, ಮುಖ ಎರಡೂ ಕೇಳುಗರಿಗೆ ಗೊತ್ತು. ಆದರೆ ಜಾತ್ರೆಯ ಆರ್ಕೆಸ್ಟ್ರಾದವರು ಯಾವ ಸಾಲಿಗೂ ಸೇರೋದಿಲ್ಲ. ಜಾನಪದ ಅನ್ನೋಕೆ ಕರೆಂಟಿನ ವಾದ್ಯ, ಶಾಸ್ತ್ರೀಯ ಅನ್ನೋಕೆ ಸಿನಿಮಾ ಹಾಡು. ಅರ್ಜಿಯಲ್ಲಿ ‘ವಾದ್ಯ’ ಅಂತಿದ್ದ ಕಡೆ “ಗಿಟಾರ್ ಅಂತ ಬರಿ ಮಾವ, ಓದೋರಿಗೆ ತಿಳಿಯುತ್ತೆ” ಅಂದೆ. “ಗಿಟಾರ್ ಬಾರಿಸೋನು ಬ್ಯಾರೆ ಇದ್ದ. ಅವನ ಕೆಲಸ ನಾನ್ಯಾಕ ಬರಕೊಳ್ಳಲಿ?” ಅಂದು, ದುಂಡಗೆ ‘ಬೇಸ್’ ಅಂತ ಬರೆದ.

ಕೊನೆಗೆ ಕೂಡ್ಲಿಗಿಯ ಸಂಬಂಧಿಕರ ಮನೇಲಿ 1998ರ ಒಂದು ಮದುವೆಯ ವಿಡಿಯೊ ಕ್ಯಾಸೆಟ್ ಸಿಕ್ಕಿತು. ದಾವಣಗೆರೆಯ ಸ್ಟುಡಿಯೊ ಒಂದರಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದು ಫೋನಲ್ಲಿ ತೋರಿಸಿದೆ. ಮಾವ ಕಣ್ಣು ಕಿರಿದು ಮಾಡಿ, ಕಿವಿ ಹತ್ತಿರ ಹಿಡಿದು ನೋಡಿದ. “ಎಲ್ಲಾರೂ ಅದಾರ. ನಾನೇ ಇಲ್ಲಲ್ಲೋ?” ಅಂದ. ಫೋನಿನ ಸ್ಪೀಕರಲ್ಲಿ ಅವನು ಇರೋಕೆ ಸಾಧ್ಯವೇ ಇರಲಿಲ್ಲ. ಹೆಡ್‌ಫೋನ್ ಹಾಕಿದೆ. ಒಂದು ಹಾಡಿನ ಎರಡನೇ ಚರಣಕ್ಕೆ ಬಂದಾಗ ಗಾಯಕಿಗೆ ಸಾಲು ಮರೆತುಹೋಗುತ್ತೆ. ಡ್ರಮ್ಸ್‌ನವನು ಗಲಿಬಿಲಿಯಾಗ್ತಾನೆ. ಬೇಸ್ ಮಾತ್ರ ಇದ್ದಲ್ಲೇ ನಿಲ್ಲುತ್ತೆ, ಅದೇ ನಡೆಯನ್ನು ನಾಲ್ಕು ಸಲ ಸುತ್ತುತ್ತೆ, ಅವರಿಗೆ ಸಾಲು ನೆನಪಾಗೋವರೆಗೆ. ಅವರು ಮತ್ತೆ ಶುರು ಮಾಡಿದ ಕ್ಷಣಕ್ಕೆ ಒಂದು ಜಾರು ಸ್ವರ ಹಾಕಿ ಮುಂದಕ್ಕೆ ಕರಕೊಂಡು ಹೋಗುತ್ತೆ. ಥೇಟ್ ಚೌಡಿಕೆ. ಮಾವ ಹೆಡ್‌ಫೋನ್ ತೆಗೆಯದೆ, ತನಗೆ ತಾನೇ ಜೋರಾಗಿ ಹೇಳ್ಕೊಂಡ: “ಬೇಸ್ ಐತಿ.” ಯಾವ ಅರ್ಥದಲ್ಲಿ ಅಂತ ನಾನು ಕೇಳಲಿಲ್ಲ.

ಸದ್ದನ್ನು ಅರ್ಜಿಗೆ ಲಗತ್ತಿಸೋದು ಹೇಗೆ? ಆ ಗಾಯಕಿಯನ್ನು ಹುಡುಕಿದೆವು. ಈಗ ಹಡಗಲಿಯಲ್ಲಿ ಮೊಮ್ಮಕ್ಕಳ ಜೊತೆ ಇದ್ದಾರೆ. ವಿಷಯ ಹೇಳಿದ ಕೂಡಲೆ ಬಿಳಿ ಹಾಳೆಯಲ್ಲಿ ಪತ್ರ ಬರೆದು, ಸಹಿ ಹಾಕಿ ಕೊಟ್ಟರು. ಅದರಲ್ಲೊಂದು ಸಾಲು: “ಇವರು ನನ್ನ ಹಿಂದೆ ಹನ್ನೆರಡು ವರ್ಷ ಬೇಸ್ ನುಡಿಸಿದ್ದಾರೆ. ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಹಿಂದಕ್ಕೆ ತಿರುಗಿ ನೋಡಿಲ್ಲ. ನೋಡುವ ಅಗತ್ಯ ಬೀಳಲಿಲ್ಲ.”

ಅರ್ಜಿ ಹೋಗಿದೆ. ಉತ್ತರ ಬಂದಿಲ್ಲ. ಬೇಸಿನ ಕತ್ತನ್ನು ಬೆಂಗಳೂರಲ್ಲಿ ಸರಿ ಮಾಡಿಸಿ, ಹೊಸ ತಂತಿ ಹಾಕಿಸಿ ಕಳಿಸಿದ್ದೀನಿ. ಹಳೇ ತಂತಿ ಎಸೀಬೇಡ, ಇನ್ನೊಂದು ಸಲ ಕುದಿಸಬಹುದು ಅಂತ ಮಾವ ಫೋನ್ ಮಾಡಿದ್ದ.

ನಿಮ್ಮ ಮನೆ ಅಟ್ಟದ ಮೇಲೂ ತೊಂಬತ್ತರ ದಶಕದ ಮದುವೆ ಕ್ಯಾಸೆಟ್ ಒಂದು ಇದ್ದೇ ಇರುತ್ತೆ. ಬೂಸು ಹಿಡಿಯೋ ಮುಂಚೆ ಪೆನ್‌ಡ್ರೈವ್‌ಗೆ ಹಾಕಿಸಿ. ಮದುಮಕ್ಕಳನ್ನ ನೋಡಿ ಆದಮೇಲೆ ಆರ್ಕೆಸ್ಟ್ರಾ ಬರೋ ಕಡೆ ನಿಲ್ಲಿಸಿ, ಹೆಡ್‌ಫೋನ್ ಹಾಕ್ಕೊಳ್ಳಿ, ಹಾಡೋರ ಭುಜದ ಹಿಂದೆ ಯಾರಿದ್ದಾರೆ ನೋಡಿ. ಹೆಸರು ಗೊತ್ತಿರೋರು ಮನೇಲಿ ಯಾರಾದರೂ ಇದ್ದರೆ, ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.