ಮರ ಹತ್ತುವವರ ನಾಡಿನಲ್ಲಿ

ಮೈಸೂರಿನಿಂದ ಹೊರಟ ಬಸ್ಸು ಕೃಷ್ಣರಾಜನಗರವನ್ನು ಸಮೀಪಿಸುತ್ತಿದ್ದಂತೆ ಕಿಟಕಿಯಾಚೆಯ ನೋಟ ಹಸಿರಾಗುತ್ತ ಹೋಗುತ್ತದೆ. ಕಾವೇರಿಯ ನಾಲೆಗಳು ಹರಿಯುವ ಸೀಮೆ ಇದು. ಗದ್ದೆಯ ಬದುವಿನಲ್ಲಿ, ಮನೆಯ ಹಿತ್ತಲಿನಲ್ಲಿ, ದೇವಸ್ಥಾನದ ಮಗ್ಗುಲಲ್ಲಿ, ಎಲ್ಲಿ ನೋಡಿದರೂ ತೆಂಗು. ಇಲ್ಲಿಂದ ಹುಣಸೂರಿಗೆ, ಅಲ್ಲಿಂದ ಪಿರಿಯಾಪಟ್ಟಣಕ್ಕೆ, ಮತ್ತೆ ದಕ್ಷಿಣಕ್ಕೆ ತಿರುಗಿ ಹೆಗ್ಗಡದೇವನಕೋಟೆಗೆ ಹೋದರೆ ಮರಗಳ ಜಾತಿ ಬದಲಾಗುತ್ತದೆ. ತೋಟದ ಮರ ಹೋಗಿ ಹೊಲದ ಮರ, ಹೊಲದ ಮರ ಹೋಗಿ ಕಾಡಿನ ಮರ ಬರುತ್ತದೆ. ಆದರೆ ಒಂದು ಮಾತು ಮಾತ್ರ ನಾಲ್ಕೂ ತಾಲ್ಲೂಕುಗಳಲ್ಲಿ ಒಂದೇ. ಮರ ಹತ್ತಿ ಬದುಕುವ ಜನ ಎಲ್ಲೆಡೆಯೂ ಇದ್ದಾರೆ. ಅವರಲ್ಲಿ ಪಳಗಿದವರು ಎಳೆಯರಿಗೆ ಮೊದಲು ಕಲಿಸುವುದು ಹತ್ತುವುದನ್ನಲ್ಲ.

ಕೃಷ್ಣರಾಜನಗರದ ಯಾವುದಾದರೊಂದು ತೋಟದಲ್ಲಿ ಕಾಯಿ ಕೀಳುವ ದಿನ ಬೆಳಿಗ್ಗೆ ನಿಂತು ನೋಡಿದರೆ ಇದು ತಿಳಿಯುತ್ತದೆ. ಪಳಗಿದ ಆಳು ಬಂದವನೇ ಮರಕ್ಕೆ ಕೈ ಹಾಕುವುದಿಲ್ಲ. ಮರದ ಸುತ್ತ ಒಂದು ಸುತ್ತು ಬರುತ್ತಾನೆ. ತಲೆಯೆತ್ತಿ ಸುಳಿಯನ್ನು ನೋಡುತ್ತಾನೆ. ಕಣಜದ ಗೂಡು ಇದೆಯೇ, ಒಣಗಿದ ಗರಿ ಜೋತುಬಿದ್ದಿದೆಯೇ, ಪಕ್ಕದಲ್ಲಿ ವಿದ್ಯುತ್ ತಂತಿ ಹಾದುಹೋಗಿದೆಯೇ, ರಾತ್ರಿ ಮಳೆ ಬಂದು ಕಾಂಡ ಪಾಚಿಗಟ್ಟಿದೆಯೇ, ಇವೆಲ್ಲವನ್ನೂ ನೋಡಿಕೊಂಡ ಮೇಲೆ ಬುಡ ಮುಟ್ಟಿ ಕಣ್ಣಿಗೊತ್ತಿಕೊಂಡು ಕಾಲಿಗೆ ಹಗ್ಗದ ತಳೆ ಹಾಕುತ್ತಾನೆ. ಕೆಲವು ಮರಗಳ ಮುಂದೆ ನಿಂತು, ‘ಇವತ್ತು ಬೇಡ, ಬಿಸಿಲು ಬಿದ್ದು ಒಣಗಲಿ’ ಎಂದು ಮುಂದೆ ಹೋಗಿಬಿಡುವುದೂ ಉಂಟು. ಜೊತೆಗೆ ಬಂದ ಹುಡುಗನಿಗೆ ಅದು ಅಳುಕಿನಂತೆ ಕಾಣಬಹುದು. ನಿಜವಾಗಿ ಅದೇ ಅವನ ವಿದ್ಯೆ.

ಹೊಸಬ ಎಡವುವುದು ಎಲ್ಲಿ? ಮೊದಲ ಮರದಲ್ಲಲ್ಲ. ಮೊದಲ ಮರದಲ್ಲಿ ಅವನಿಗೆ ಭಯವಿರುತ್ತದೆ; ಭಯವೇ ಅವನನ್ನು ಕಾಯುತ್ತದೆ. ನಾಲ್ಕೈದು ಮರ ಹತ್ತಿಳಿದ ಮೇಲೆ, ‘ಇಷ್ಟೇ ತಾನೇ’ ಎನಿಸಿದಾಗ ಅಪಾಯ ಶುರುವಾಗುತ್ತದೆ. ಹತ್ತುವಾಗ ಕಣ್ಣು ಗೊನೆಯ ಮೇಲಿರುತ್ತದೆ; ತೋಳಿನ ಬಲ ಎಷ್ಟು ಉಳಿದಿದೆ ಎಂಬ ಲೆಕ್ಕ ತಪ್ಪುತ್ತದೆ. ಮೇಲೆ ತಲುಪಿದೆನೆಂಬ ಖುಷಿಯಲ್ಲಿ ಕೈಗೆ ಸಿಕ್ಕ ಗರಿಯನ್ನು ಹಿಡಿಯುತ್ತಾನೆ. ಹಸಿರು ಗರಿಯ ಬುಡ ಆಳಿನ ಭಾರ ತಡೆದೀತು. ಒಣಗುತ್ತ ಬಂದ ಗರಿ ಹಿಡಿದ ಕೈಯೊಡನೆಯೇ ಕಳಚಿ ಬರುತ್ತದೆ. ಐವತ್ತು ಅಡಿ ಎತ್ತರದಲ್ಲಿ ಈ ವ್ಯತ್ಯಾಸವನ್ನು ಕಲಿಯಲು ಎರಡನೆಯ ಅವಕಾಶವಿರುವುದಿಲ್ಲ.

ಆದ್ದರಿಂದಲೇ ಹಿಂದೆ ಈ ಕಸುಬಿಗೆ ಬಂದ ಹುಡುಗ ಬಹಳ ದಿನ ನೆಲದ ಮೇಲೆಯೇ ಇರುತ್ತಿದ್ದ. ಬಿದ್ದ ಕಾಯಿ ಆಯುವುದು, ಮಚ್ಚು ಮಸೆಯುವುದು, ಹಗ್ಗ ಹೊಸೆಯುವುದು, ಕಾಯಿ ಬೀಳುವ ಜಾಗದಿಂದ ದೂರ ನಿಲ್ಲುವುದು. ಆಮೇಲೆ ಗಿಡ್ಡ ಮರ, ಅರ್ಧ ಎತ್ತರ, ಹಿರಿಯನ ಕಣ್ಣೆದುರು. ತೆಂಗು ಹತ್ತುವವರ ಕೊರತೆ ತೀರಿಸಲು ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಸ್ನೇಹಿತರು’ ಎಂಬ ತರಬೇತಿಯೂ ಇದೇ ಹಾದಿ ಹಿಡಿದಿದೆ. ಅದು 18 ವರ್ಷ ತುಂಬಿದವರಿಗೆ ಮಾತ್ರ. ಆರು ದಿನಗಳ ತರಬೇತಿಯಲ್ಲಿ ಕಾಲಿಟ್ಟು ಹತ್ತುವ ಯಂತ್ರವನ್ನು ಬಳಸಲು ಕಲಿಸುತ್ತಾರೆ. ಕೇರಳದ ಚೆಂಬೇರಿಯ ಜೋಸೆಫ್ ಎಂಬ ರೈತ ರೂಪಿಸಿದ ಈ ಬಗೆಯ ಯಂತ್ರದಲ್ಲಿ ಕಾಂಡಕ್ಕೆ ಸುತ್ತಿದ ತಂತಿಹಗ್ಗದ ಎರಡು ಮೆಟ್ಟಿಲುಗಳು ಒಂದಾದ ಮೇಲೊಂದರಂತೆ ಮೇಲೇರುತ್ತವೆ. ಮರ ಹತ್ತುವವರಿಗಾಗಿಯೇ ಮಂಡಳಿಯ ವಿಮಾ ಯೋಜನೆಯೂ ಇದೆ. ಯಂತ್ರ ಬಂದದ್ದರಿಂದ ಕಾಲಿಗೆ ಆಸರೆ ಸಿಕ್ಕಿತು. ಆದರೆ ಮರದ ಸುತ್ತ ಒಂದು ಸುತ್ತು ಬರುವ ಕೆಲಸವನ್ನು ಯಂತ್ರ ಮಾಡುವುದಿಲ್ಲ. ಅದನ್ನು ಹತ್ತುವವನೇ ಮಾಡಬೇಕು.

ಕೃಷ್ಣರಾಜನಗರ ಬಿಟ್ಟು ಪಶ್ಚಿಮಕ್ಕೆ ಹೊರಟರೆ ಲಕ್ಷ್ಮಣತೀರ್ಥ ನದಿಯ ದಡದ ಹುಣಸೂರು. ಊರಿನ ಹೆಸರಿನಲ್ಲೇ ಹುಣಸೆ ಇದೆ. ಸುತ್ತಲಿನ ಹೊಲಗಳಲ್ಲಿ ತಂಬಾಕು, ನಡುನಡುವೆ ತಂಬಾಕು ಹದ ಮಾಡುವ ಬ್ಯಾರನ್‌ಗಳು. ಹೊಲದಂಚಿನ ಹಳೆಯ ಹುಣಸೆಮರಗಳಲ್ಲಿ ಚಳಿ ಕಳೆಯುತ್ತಿದ್ದಂತೆ ಕಾಯಿ ಬಡಿಯುವ ಕೆಲಸ ಆರಂಭವಾಗುತ್ತದೆ. ಗಂಡಸರು ಕೊಂಬೆ ಏರಿ ಗಳುವಿನಿಂದ ಬಡಿದರೆ ಹೆಂಗಸರು, ಮಕ್ಕಳು ಕೆಳಗೆ ಆಯುತ್ತಾರೆ.

ತೆಂಗಿನಲ್ಲಿ ಇರುವುದು ಒಂದೇ ದಾರಿ. ಹುಣಸೆಯಲ್ಲಿ ನೂರು ದಾರಿ. ಆದ್ದರಿಂದ ಇಲ್ಲಿಯ ಪಾಠ ಬೇರೆ. ಯಾವ ಮರದ ಕೊಂಬೆಯನ್ನು ಎಷ್ಟು ನಂಬಬೇಕು ಎಂಬುದನ್ನು ತಿಳಿಯಬೇಕು. ಹುಣಸೆಯ ಕೊಂಬೆ ಬಗ್ಗಿದರೂ ಬೇಗ ಮುರಿಯದು. ನುಗ್ಗೆಯದು ನೋಡಲು ದಪ್ಪವಿದ್ದರೂ ಸದ್ದಿಲ್ಲದೆ ಸಿಗಿಯುತ್ತದೆ; ಹಳ್ಳಿಗಳಲ್ಲಿ ನುಗ್ಗೆಮರ ಹತ್ತಬಾರದೆಂದು ಮಕ್ಕಳಿಗೆ ಹೇಳುವುದು ಅದಕ್ಕೇ. ದಯ್ಯದ ಹೆಸರು ಹೇಳಿ ಹೆದರಿಸುವ ಅಜ್ಜಿಯರೂ ಇದ್ದರು. ಆ ಹೆದರಿಕೆಯ ಹಿಂದೆ ಮರದ ಗುಣ ಬಲ್ಲ ಅನುಭವವಿತ್ತು. ಪುಸ್ತಕದಲ್ಲಿ ಮರದ ಹೆಸರು ಕಲಿತ ಹುಡುಗ ಮರವನ್ನು ಕಲಿತಂತಾಗಲಿಲ್ಲ ಎಂಬುದು ಹುಣಸೆಯ ಬುಡದಲ್ಲಿ ನಿಂತಾಗ ಅರ್ಥವಾಗುತ್ತದೆ.

ಹುಣಸೂರಿನಿಂದ ಮಡಿಕೇರಿ ರಸ್ತೆಯಲ್ಲಿ ಮುಂದುವರಿದರೆ ಪಿರಿಯಾಪಟ್ಟಣ. ಇದೇ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ನರ ನೆಲೆಯನ್ನು ನೋಡಲು ಬರುವ ಪ್ರವಾಸಿಗರು ಬಹಳ. ಮುಂಜಾನೆ ಇದೇ ರಸ್ತೆಯಲ್ಲಿ ಕೊಡಗಿನತ್ತ ಓಡುವ ಜೀಪುಗಳಲ್ಲಿ ಕೂತವರನ್ನು ಗಮನಿಸುವವರು ಕಡಿಮೆ. ಪಿರಿಯಾಪಟ್ಟಣ, ಹುಣಸೂರು, ಕೋಟೆ ತಾಲ್ಲೂಕುಗಳ ಹಳ್ಳಿ ಮತ್ತು ಹಾಡಿಗಳಿಂದ ಕಾಫಿ ತೋಟದ ಕೂಲಿಗೆ ಹೋಗುವ ಜನ ಅವರು. ಅವರಲ್ಲಿ ಮೀಸೆ ಚಿಗುರುತ್ತಿರುವ ಹುಡುಗರೂ ಇರುತ್ತಾರೆ. ಬೇಸಿಗೆಯ ಮೊದಲಿಗೆ ಮೆಣಸು ಕೊಯ್ಲು, ಮಳೆಗಾಲಕ್ಕೆ ಮೊದಲು ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಸವರುವ ಮರಗಸಿ.

ಹತ್ತುವುದು ಬಲ್ಲವರಿಗೆ ಉಳಿದ ಕೂಲಿಗಿಂತ ಹೆಚ್ಚು ಹಣ. ಹುಡುಗನನ್ನು ಎಡವಿಸುವ ಪ್ರಶ್ನೆ ಇಲ್ಲಿಯೇ ಎದುರಾಗುತ್ತದೆ. ಮೇಸ್ತ್ರಿ ‘ಮರ ಹತ್ತೋಕೆ ಬರ್ತದೇನೋ?’ ಎಂದು ಕೇಳಿದಾಗ ‘ಬರ್ತದೆ’ ಎನ್ನುವುದು ಸುಲಭ. ಜೊತೆಗಾರರ ಮುಂದೆ ‘ಇನ್ನೂ ಬರಲ್ಲ ಅಣ್ಣ’ ಎನ್ನುವುದು ಕಷ್ಟ. ಮೊದಲ ಉತ್ತರ ಆ ದಿನದ ಕೂಲಿಯನ್ನು ಹೆಚ್ಚಿಸುತ್ತದೆ. ಎರಡನೆಯದು ಜೀವ ಉಳಿಸುತ್ತದೆ. ಬಿದಿರಿನ ಏಣಿಯ ಬದಲು ಬಂದ ಅಲ್ಯೂಮಿನಿಯಂ ಏಣಿ ಹಗುರ, ಉದ್ದ. ಆದರೆ ಮರಗಳ ನಡುವೆ ಮರೆಯಾಗಿ ಹಾದುಹೋದ ವಿದ್ಯುತ್ ತಂತಿಗೆ ಅದು ತಗುಲಿ ಸತ್ತ ಕೂಲಿಕಾರರ ಸುದ್ದಿ ಕೊಡಗಿನಿಂದ ಮತ್ತೆ ಮತ್ತೆ ಬಂದಿದೆ. ತೋಟದ ಹಳಬನಿಗೆ ಯಾವ ಸಾಲಿನಲ್ಲಿ ತಂತಿ ಇದೆಯೆಂದು ಗೊತ್ತಿರುತ್ತದೆ. ಹೊಸಬ ಕೇಳಬೇಕು. ಕೇಳಲು ನಾಚಿಕೊಂಡರೆ ತಿಳಿಯುವ ಬೇರೆ ದಾರಿಯಿಲ್ಲ.

ಪ್ರಯಾಣದ ಕೊನೆಯ ಘಟ್ಟ ಹೆಗ್ಗಡದೇವನಕೋಟೆ. ಕಬಿನಿಯ ಹಿನ್ನೀರು, ಅದರಾಚೆಗೆ ನಾಗರಹೊಳೆಯ ಕಾಡು. ಇದು ಜೇನು ಕುರುಬರ ಸೀಮೆ. ಮಾವುತರಾಗಿ, ಕಾವಾಡಿಗಳಾಗಿ ಆನೆ ಪಳಗಿಸುವುದರಲ್ಲಿ ಹೆಸರಾದ ಈ ಜನರಿಗೆ ಹೆಸರು ಬಂದದ್ದು ಮಾತ್ರ ಜೇನಿನಿಂದ.

ಹೆಜ್ಜೇನು ಕಟ್ಟುವುದು ಎತ್ತರದ ಮರಗಳ ದೊಡ್ಡ ಕೊಂಬೆಗಳ ಅಡಿಯಲ್ಲಿ, ಬಯಲಿನಲ್ಲಿ ತೂಗುವ ಒಂದೇ ದೊಡ್ಡ ಎರಿಯಾಗಿ. ಒಂದು ಹುಟ್ಟಿನಲ್ಲಿ ಹತ್ತಾರು ಸಾವಿರ ನೊಣಗಳಿರುತ್ತವೆ. ಋತುವಿಗೆ ತಕ್ಕಂತೆ ವಲಸೆ ಹೋಗಿ, ಮರುವರ್ಷ ಅದೇ ಮರಕ್ಕೆ ಮರಳುವುದು ಅವುಗಳ ರೂಢಿ. ಹಗಲಿನಲ್ಲಿ ಕೆಣಕಿದರೆ ಹಿಂಡಾಗಿ ಅಟ್ಟಿಸಿಕೊಂಡು ಬರುವ ಇವುಗಳ ಜೇನನ್ನು ತೆಗೆಯುವುದು ಅಮಾವಾಸ್ಯೆಯ ಆಸುಪಾಸಿನ ಕತ್ತಲಿನಲ್ಲಿ. ಕಾಂಡಕ್ಕೆ ಗೂಟ ಬಡಿದೋ ಬಿದಿರನ್ನು ಕಟ್ಟಿಯೋ ಮೇಲೇರಿ, ಹಸಿ ಸೊಪ್ಪು ಸುತ್ತಿದ ಪಂಜಿನ ಹೊಗೆ ಹಾಕಿ, ಎರಿ ಕೊಯ್ದು ಹಗ್ಗದಲ್ಲಿ ಇಳಿಸಬೇಕು. ಕತ್ತಲಲ್ಲಿ ಕಣ್ಣು ಕಾಣದು. ಕೈಗೆ, ಕಾಲಿಗೆ ಮರ ಗೊತ್ತಿರಬೇಕು.

ಇಂಥ ಕೆಲಸಕ್ಕೆ ಹುಡುಗರನ್ನು ಒಮ್ಮೆಲೇ ಏರಿಸುವುದಿಲ್ಲ. ಪಾಠ ಆರಂಭವಾಗುವುದು ಪೊದೆಯಲ್ಲಿ ಕೈಗೆಟಕುವಂತೆ ಕಟ್ಟುವ ಕೋಲುಜೇನಿನಿಂದ. ಆಮೇಲೆ ಪೊಟರೆಯೊಳಗಿನ ತುಡುವೆ. ಹೆಜ್ಜೇನಿನ ಮರದ ಬಳಿ ಹುಡುಗನ ಜಾಗ ಬುಡದಲ್ಲಿ. ಸೊಪ್ಪು ತರುವುದು, ಪಂಜು ಕಟ್ಟುವುದು, ಇಳಿದು ಬಂದ ಪಾತ್ರೆಯನ್ನು ಹಿಡಿಯುವುದು, ಮೇಲಿನವರ ಕೂಗಿಗೆ ಓಗೊಡುವುದು. ಗೂಟ ಸರಿಯಾಗಿ ಕೂತಿದೆಯೇ ಎಂಬುದನ್ನು ಅದರ ಸದ್ದಿನಿಂದ ತಿಳಿಯುವಷ್ಟು ಕಿವಿ ಪಳಗುವವರೆಗೆ ಅವನು ಕೆಳಗೇ. ಮೇಲೇರಿದ ಮೇಲೂ ಇನ್ನೊಂದು ಪಾಠವಿದೆ. ಎರಿಯ ಮೇಲ್ತುದಿಯ ದಪ್ಪ ಭಾಗದಲ್ಲಿ ಜೇನು, ಕೆಳಗೆ ಮರಿಗಳು. ತಿಳಿದವನು ಜೇನಿನ ಭಾಗವನ್ನು ಕೊಯ್ದು ಮರಿಗಳನ್ನು ಉಳಿಸಬಲ್ಲ. ಆತುರದವನು ಎಲ್ಲವನ್ನೂ ಕೆಡವುತ್ತಾನೆ. ಅನನುಭವದ ಬೆಲೆಯನ್ನು ತೆರುವುದು ಯಾವಾಗಲೂ ಹತ್ತಿದವನೊಬ್ಬನೇ ಅಲ್ಲ.

ಈ ಪಾಠಶಾಲೆ ಈಗ ಮೊದಲಿನಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಕಬಿನಿ ಜಲಾಶಯ ತುಂಬಿತು. 1988ರಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ಕಾಡಿನೊಳಗಿದ್ದ ಅನೇಕ ಕುಟುಂಬಗಳು ಅಂಚಿನ ಹಾಡಿಗಳಿಗೆ, ಪುನರ್ವಸತಿ ಕಾಲೋನಿಗಳಿಗೆ ಬಂದವು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನು ಒಪ್ಪಿದೆಯಾದರೂ ಅಜ್ಜನ ಹಿಂದೆ ಮರದಿಂದ ಮರಕ್ಕೆ ನಡೆಯುತ್ತಿದ್ದ ಆ ದಿನಗಳು ಹೆಚ್ಚಿನ ಹುಡುಗರಿಗೆ ಸಿಕ್ಕಿಲ್ಲ. ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಅದು ಆಗಲೇಬೇಕಾದ ಕೆಲಸ. ಕಷ್ಟವಿರುವುದು ಶಾಲೆ ಬಿಟ್ಟು ಕೂಲಿಗೆ ಹೊರಟವರಲ್ಲಿ. ಹತ್ತುವ ಕುಲದವನೆಂಬ ಹೆಸರು ಅವನಿಗೆ ಉಳಿದಿದೆ. ಬುಡದಲ್ಲಿ ನಿಂತು ಕಲಿತ ವರ್ಷಗಳು ಉಳಿದಿಲ್ಲ. ‘ನಿಮ್ಮವರಿಗೆ ಮರ ಹತ್ತೋದು ಹುಟ್ಟಿನಿಂದ್ಲೇ ಬರ್ತದೆ’ ಎಂದು ಯಾರೋ ಹೇಳಿದ ಮಾತನ್ನು ನಂಬಿ ಏರುವ ಹುಡುಗನಿಗಿಂತ ದೊಡ್ಡ ಅಪಾಯದಲ್ಲಿರುವವರಿಲ್ಲ. ಯಾವ ಕುಲದಲ್ಲಿ ಹುಟ್ಟಿದರೂ ಮರ ಹತ್ತುವುದನ್ನು ಕಲಿತೇ ಕಲಿಯಬೇಕು.

ಹದಿನಾಲ್ಕನೆಯ ಶತಮಾನದ ಜಪಾನಿನಲ್ಲಿ ಯೋಶಿದ ಕೆಂಕೊ ಎಂಬ ಬೌದ್ಧ ಸನ್ಯಾಸಿ ಬರೆದಿಟ್ಟ ಒಂದು ಪ್ರಸಂಗ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಮರ ಹತ್ತುವುದರಲ್ಲಿ ಹೆಸರಾದ ಒಬ್ಬಾತ ಇನ್ನೊಬ್ಬನನ್ನು ಎತ್ತರದ ಮರಕ್ಕೆ ಏರಿಸಿ ತುದಿಯ ಕೊಂಬೆಗಳನ್ನು ಕಡಿಸುತ್ತಿದ್ದ. ಅವನು ತುತ್ತತುದಿಯಲ್ಲಿ ಓಲಾಡುತ್ತಿದ್ದಾಗ ಈತ ತುಟಿ ಬಿಚ್ಚಲಿಲ್ಲ. ಅವನು ಇಳಿಯುತ್ತ ಮನೆಯ ಸೂರಿನ ಮಟ್ಟಕ್ಕೆ ಬಂದಾಗ ಎಚ್ಚರದಿಂದಿರಲು ಹೇಳಿದನಂತೆ. ನೋಡುತ್ತಿದ್ದವರಿಗೆ ಅಚ್ಚರಿ, ಅಲ್ಲಿಂದ ಧುಮುಕಿದರೂ ಏನಾಗದು. ಕೇಳಿದಾಗ ಆತ ಕೊಟ್ಟ ವಿವರಣೆ ಇಷ್ಟು: ತಲೆ ತಿರುಗುವ ಎತ್ತರದಲ್ಲಿ ಅವನ ಭಯವೇ ಅವನನ್ನು ಕಾಯುತ್ತಿತ್ತು, ತಪ್ಪು ನಡೆಯುವುದು ಸುಲಭವೆನಿಸಿದ ಜಾಗದಲ್ಲಿ. ಕೃಷ್ಣರಾಜನಗರದ ತೆಂಗು ಕೀಳುವವನಿಗೂ ಜಪಾನಿನ ಆ ಮನುಷ್ಯನಿಗೂ ಪರಿಚಯವಿಲ್ಲ. ಇಬ್ಬರಿಗೂ ಮರ ಕಲಿಸಿದ್ದು ಒಂದೇ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ದೊಡ್ಡವರು ಮಕ್ಕಳಿಗೆ ಹೇಳುತ್ತಲೇ ಇರುತ್ತಾರೆ. ಆದರೆ ಅರ್ಧ ಮರ ಹತ್ತಿ ‘ಆಗಲ್ಲಪ್ಪ’ ಎಂದು ಇಳಿದು ಬಂದ ಹುಡುಗನನ್ನು ಕಂಡು ನಗುವವರೂ ದೊಡ್ಡವರೇ. ಆ ನಗು ಅವನನ್ನು ಮರುದಿನ ಸಾಮರ್ಥ್ಯ ಮೀರಿ ಏರಿಸುತ್ತದೆ. ಬೇಸಿಗೆ ರಜೆಯಲ್ಲಿ ಮಾವು, ಹಲಸು, ನೇರಳೆಯ ಮರಗಳ ಸುತ್ತ ಮಕ್ಕಳು ಸೇರುವ ಎಲ್ಲ ಊರುಗಳ ತಂದೆತಾಯಿಯರಿಗೂ ಇದು ಅನ್ವಯಿಸುತ್ತದೆ. 14 ವರ್ಷದೊಳಗಿನವರನ್ನು ಕೂಲಿಗೆ ಹಚ್ಚುವುದನ್ನು ಕಾನೂನು ನಿಷೇಧಿಸಿದೆ. ಆಟಕ್ಕೆ ಹತ್ತುವವರನ್ನು ಮಾತ್ರ ಕಾನೂನು ಕಾಯಲಾರದು, ಮನೆಯವರೇ ಕಾಯಬೇಕು.

ಮರದಿಂದ ಬಿದ್ದವರ ಬೆನ್ನುಹುರಿಗೆ ಪೆಟ್ಟಾದರೆ ಬಾಳೆಲ್ಲ ಹಾಸಿಗೆ ಹಿಡಿಯುವ ಸಂಭವವಿದೆ. ಕೆಲವೊಮ್ಮೆ ಬಿದ್ದಾಗ ಆಗದ ಹಾನಿ, ಗಾಬರಿಯಿಂದ ಕೈಕಾಲು ಹಿಡಿದು ಎತ್ತಿದಾಗ ಆಗಿಬಿಡುತ್ತದೆ. ಬಿದ್ದವರನ್ನು ಕೂರಿಸಬಾರದು; ಕುತ್ತಿಗೆ, ಬೆನ್ನು ಅಲುಗದಂತೆ ಮಲಗಿದಲ್ಲೇ ಬಿಟ್ಟು 108ಕ್ಕೆ ಕರೆ ಮಾಡಬೇಕು. ಸಾಗಿಸಲೇಬೇಕಾದರೆ ನಾಲ್ಕಾರು ಜನ ಸೇರಿ ಗಟ್ಟಿ ಹಲಗೆಯ ಮೇಲೆ ನೆಟ್ಟಗೆ ಮಲಗಿಸಬೇಕು. ಇದನ್ನು ಪ್ರತಿ ವಿದ್ಯಾರ್ಥಿಯೂ ತಿಳಿದಿರುವುದು ಒಳ್ಳೆಯದು.

ಸಂಜೆಯ ಹೊತ್ತಿಗೆ ಕೋಟೆಯ ಕಡೆಯಿಂದ ಮೈಸೂರಿಗೆ ಮರಳುವ ಬಸ್ಸಿನ ಕಿಟಕಿಯಲ್ಲಿ ಕಾಡಂಚಿನ ಮರಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಅಂಥ ಯಾವುದೋ ಮರದ ಬುಡದಲ್ಲಿ ಒಬ್ಬ ಹುಡುಗ ಕತ್ತೆತ್ತಿ ನಿಂತಿರಬಹುದು. ಅವನ ಕೈ ಇನ್ನೂ ಕಾಂಡವನ್ನು ಮುಟ್ಟಿಲ್ಲ. ‘ಇದು ನನ್ನಿಂದ ಇವತ್ತಿಗೆ ಆಗಲ್ಲ’ ಎಂದು ಅವನು ಹೇಳಿದರೆ, ಪಕ್ಕದಲ್ಲಿರುವ ಹಿರಿಯರು ನಗದಿದ್ದರೆ, ಅವನ ಕಲಿಕೆ ಸರಿಯಾಗಿ ಶುರುವಾಯಿತೆಂದೇ ಅರ್ಥ.