ಆಟದ ಮೇಲಿನ ಆರೋಪ

2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬನು 32 ಮಂದಿಯನ್ನು ಗುಂಡಿಕ್ಕಿ ಕೊಂದು ತಾನೂ ಸತ್ತನು. ಕೊಲೆಗಾರ ಯಾರೆಂದು ತಿಳಿಯುವ ಮೊದಲೇ ಟಿ.ವಿ.ಯಲ್ಲಿ ಹಿಂಸಾತ್ಮಕ ವಿಡಿಯೋ ಗೇಮ್‌ಗಳ ಮೇಲೆ ಆರೋಪ ಕೇಳಿಬಂದಿತು. ರಕ್ತಪಾತದ ಆಟಗಳು ನನಗೂ ಹಿಡಿಸವು. ಆದರೂ ಸತ್ಯ ಸತ್ಯವೇ. ರಾಜ್ಯಪಾಲರು ನೇಮಿಸಿದ ಸಮಿತಿಯು ಆಗಸ್ಟ್‌ನಲ್ಲಿ ನೀಡಿದ ವರದಿಯಲ್ಲಿದ್ದುದು, ಆತ ಬಾಲ್ಯದಲ್ಲಿ ಆಡಿದ ‘ಸೋನಿಕ್’ನಂತಹ ನಿರುಪದ್ರವಿ ಆಟಗಳು ಮಾತ್ರ.

ಅದೇ ವರದಿಯು ಎಳವೆಯಿಂದಲೇ ಮೌನಕ್ಕೆ ಮುದುಡಿದ್ದ ಒಂದು ಮನಸ್ಸನ್ನು ತೋರಿಸಿತು. 2005ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶರು ಮನೋಚಿಕಿತ್ಸೆಗೆ ಆದೇಶಿಸಿದ್ದರು. ಅದು ಮುಂದುವರಿಯಿತೇ ಎಂದು ವಿಚಾರಿಸಿದವರಿಲ್ಲ. 2007ರ ಆರಂಭದಲ್ಲಿ ಆತ 2 ಪಿಸ್ತೂಲು ಕೊಂಡಾಗ ಆ ಆದೇಶ ತಪಾಸಣೆಯ ದಾಖಲೆಯಲ್ಲೇ ಇರಲಿಲ್ಲ.

ಮಗನ ಗೇಮ್ ಕಿತ್ತುಕೊಳ್ಳಲೇ ಎನ್ನುವ ತಾಯಿತಂದೆಯರನ್ನು ನಾನು ಮೊದಲು ಕೇಳುವುದು: ಅವನು ನಿಮ್ಮೊಡನೆ ಮಾತನಾಡುತ್ತಿದ್ದಾನೆಯೇ?