ಸದ್ದು ತೆಗೆದು ನೋಡುವ ಚಟ

ಒಂದೇ ಸಿನಿಮಾವನ್ನು ಎರಡು ಸಲ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಎರಡನೆಯ ಸಲ ಸದ್ದು ತೆಗೆದು ನೋಡುವವರು ಅಪರೂಪ. ನಾನು ಆ ಅಪರೂಪದ ಜಾತಿಗೆ ಸೇರಿದವನು. ಒಳ್ಳೆಯ ದೃಶ್ಯ ಬಂತೆಂದರೆ ಕೈ ತಾನಾಗಿಯೇ ರಿಮೋಟಿನ ಮ್ಯೂಟ್ ಗುಂಡಿಗೆ ಹೋಗುತ್ತದೆ. "ಮನೇಲಿ ಇನ್ನೊಬ್ಬರೂ ನೋಡ್ತಾ ಇದಾರೆ ಅನ್ನೋ ಖಬರಾದ್ರೂ ಇದೆಯೇನ್ರೀ?" ಎಂದು ಮನೆಯವಳು ರೇಗುವುದುಂಟು. ಹಾಗಾಗಿ ಈ ಚಟವೆಲ್ಲ ಎಲ್ಲರೂ ಮಲಗಿದ ಮೇಲೆ.

ಸದ್ದು ತೆಗೆದಾಗ ಎಷ್ಟೋ ಗುಟ್ಟು ರಟ್ಟಾಗುತ್ತದೆ. ನಾವು ಕಣ್ಣೊರೆಸಿಕೊಂಡ ದೃಶ್ಯದಲ್ಲಿ ನಾಯಕಿ ಸುಮ್ಮನೆ ಕಿಟಕಿಯಾಚೆ ನೋಡುತ್ತಿರುತ್ತಾಳೆ, ಅಷ್ಟೆ. ಅತ್ತವರು ಪಿಟೀಲಿನವರು. ಹಾಡು ಎಲ್ಲರ ಬಾಯಲ್ಲೂ ಉಳಿಯುತ್ತದೆ. ಹಿನ್ನೆಲೆ ಸಂಗೀತಕ್ಕೆ, ನಮ್ಮ ಸಿನಿಮಾದವರು ರೀರೆಕಾರ್ಡಿಂಗ್ ಎನ್ನುವ ಆ ಕೆಲಸಕ್ಕೆ, ಆ ಭಾಗ್ಯವಿಲ್ಲ. ಬಾಗಿಲು ತೆರೆಯುವುದಕ್ಕೆ ಇಷ್ಟು ಸೆಕೆಂಡು, ಅವಳು ತಿರುಗುವುದಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ಬರೆದದ್ದು, ಕೊನೆಗೆ ಯಾರದೋ ಕೆಮ್ಮಿನ ಕೆಳಗೆ ಹೂತುಹೋಗುತ್ತದೆ.

ಈ ಚಟಕ್ಕೆ ನನ್ನ ಪಠ್ಯಪುಸ್ತಕ 1949ರ 'ದಿ ಏರೆಸ್' ಚಿತ್ರ. ನಿರ್ದೇಶಕ ವಿಲಿಯಂ ವೈಲರ್, ಸಂಗೀತ ಆರನ್ ಕಾಪ್‌ಲ್ಯಾಂಡ್. ಅದರಲ್ಲಿ ಕ್ಯಾಥರೀನ್ ಎಂಬ ಹುಡುಗಿ ರಾತ್ರಿ ಗಂಟುಮೂಟೆ ಕಟ್ಟಿಕೊಂಡು, ತನ್ನನ್ನು ಕರೆದೊಯ್ಯಲು ಬರುತ್ತೇನೆಂದ ಪ್ರಿಯಕರನಿಗಾಗಿ ಕಾಯುತ್ತಾಳೆ. ಗಾಡಿಯ ಸಪ್ಪಳ ಕೇಳಿ ಬಾಗಿಲಿಗೆ ಓಡುತ್ತಾಳೆ. ಗಾಡಿ ನಿಲ್ಲದೆ ಹೋಗುತ್ತದೆ. ಬಿಡುಗಡೆಗೆ ಮುಂಚಿನ ಪ್ರದರ್ಶನದಲ್ಲಿ ಜನ ಇಲ್ಲಿ ನಕ್ಕುಬಿಟ್ಟರಂತೆ. ನಾಯಕಿಯ ಬದುಕು ಮುರಿದು ಬೀಳುವ ಜಾಗ ಅದು. ಅಲ್ಲಿ ನಕ್ಕರೆ ಸಿನಿಮಾ ಮುಗಿದ ಹಾಗೆಯೇ. ಏನಾದರೂ ಮಾಡಿ ಎಂದು ವೈಲರ್ ಕಾಪ್‌ಲ್ಯಾಂಡನ ಬಳಿ ಹೋದ. ಕಾಪ್‌ಲ್ಯಾಂಡ್ ಅಲ್ಲಿದ್ದ ಸಂಗೀತವನ್ನು ಕಿತ್ತುಹಾಕಿ, ಒಂದಕ್ಕೊಂದು ಹೊಂದದ ಸ್ವರಗಳು ತಿಕ್ಕಾಡುವ ಕರ್ಕಶವಾದ ತುಣುಕೊಂದನ್ನು ಬರೆದುಕೊಟ್ಟ. ಮುಂದಿನ ಪ್ರದರ್ಶನದಲ್ಲಿ ಒಬ್ಬರೂ ನಗಲಿಲ್ಲ. ಚಿತ್ರ ಅದೇ, ನಟಿ ಅವಳೇ, ಬದಲಾದದ್ದು ಸ್ವರ ಮಾತ್ರ.

ಅದೇ ಚಿತ್ರದ ಶೀರ್ಷಿಕೆಯ ಭಾಗಕ್ಕೆ ವೈಲರ್ ಒಂದು ಹಳೆಯ ಫ್ರೆಂಚ್ ಪ್ರೇಮಗೀತೆಯ ಧಾಟಿಯನ್ನು ತಂದು ಸೇರಿಸಿದ. ಅದು ನನ್ನ ಕೆಲಸವಲ್ಲ ಎಂದು ಕಾಪ್‌ಲ್ಯಾಂಡ್ ಪತ್ರಿಕೆಗಳಿಗೇ ಹೇಳಿಕೆ ಕೊಟ್ಟ. ಆಮೇಲೆ ಆ ಚಿತ್ರದ ಸಂಗೀತಕ್ಕೇ ಆಸ್ಕರ್ ಬಂತು!

ಇಂಥವನನ್ನು ಹಾರ್ವರ್ಡ್ ವಿಶ್ವವಿದ್ಯಾಲಯ 1951-52ರಲ್ಲಿ ಒಂದು ವರ್ಷದ ಮಟ್ಟಿಗೆ ಕರೆಸಿಕೊಂಡಿತು. ಚಾರ್ಲ್ಸ್ ಎಲಿಯಟ್ ನಾರ್ಟನ್ ಹೆಸರಿನ ಆ ಪೀಠ ಹೆಸರಿಗೆ ಕಾವ್ಯದ ಪೀಠ. ಆದರೆ ಕಾವ್ಯವೆಂದರೆ ಏನೆಂಬುದರಲ್ಲಿ ಅವರದು ಧಾರಾಳ ಮನಸ್ಸು. ಸಂಗೀತಗಾರ ಸ್ಟ್ರಾವಿನ್‌ಸ್ಕಿ ಅದಾಗಲೇ ಅಲ್ಲಿ ಕೂತೆದ್ದು ಹೋಗಿದ್ದ. ಕಾಪ್‌ಲ್ಯಾಂಡ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಪ್ಯಾರಿಸ್ಸಿನಲ್ಲಿ ನಾದಿಯಾ ಬುಲಾಂಜೆ ಎಂಬ ಗುರುವಿನ ಕೈಯಲ್ಲಿ ಪಳಗಿದವನು. ಪದವಿಯೇ ಇಲ್ಲದವನನ್ನು ಪ್ರೊಫೆಸರ್ ಮಾಡುವ ಧೈರ್ಯ ನನಗಂತೂ ಬಹಳ ಇಷ್ಟ.

ಆರು ಉಪನ್ಯಾಸ ಕೊಟ್ಟ. ಮೊದಲನೆಯದು ಸಂಗೀತಗಾರನ ಬಗ್ಗೆ ಅಲ್ಲ, ಕೇಳುಗನ ಬಗ್ಗೆ. ಚೆನ್ನಾಗಿ ಕೇಳುವುದೂ ಒಂದು ಪ್ರತಿಭೆ ಎಂಬಲ್ಲಿಂದ ಅವನ ಮಾತು ಶುರುವಾಗುತ್ತದೆ. ನಡುರಾತ್ರಿ ರಿಮೋಟ್ ಹಿಡಿದು ಕೂರುವ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ? ನನಗೆ ಇನ್ನೂ ಹಿಡಿಸಿದ್ದು ಆ ಉಪನ್ಯಾಸಗಳ ಏರ್ಪಾಡು. ಮಾತು ಮುಗಿದ ಮೇಲೆ ಪ್ರತಿ ಸಲವೂ ಒಂದು ಪುಟ್ಟ ಕಛೇರಿ. ಸ್ಟುಡಿಯೋದಲ್ಲಿ ಸಂಭಾಷಣೆ ಬಂತೆಂದರೆ ಸಂಗೀತ ತಗ್ಗಬೇಕು. ಇಲ್ಲಿ ಸಂಗೀತ ಶುರುವಾಗುವ ಹೊತ್ತಿಗೆ ಮಾತು ಎದ್ದು ಹೋಗಿರುತ್ತದೆ.

ಈ ತಗ್ಗಿಸುವ ಸಂಕಟ ಲೆನರ್ಡ್ ಬರ್ನ್‌ಸ್ಟೈನನಿಗೆ ಚೆನ್ನಾಗಿ ಗೊತ್ತಿತ್ತು. 1954ರ 'ಆನ್ ದಿ ವಾಟರ್‌ಫ್ರಂಟ್' ಚಿತ್ರಕ್ಕೆ ಸಂಗೀತ ಕೊಟ್ಟ. ಡಬ್ಬಿಂಗ್ ಕೋಣೆಯಲ್ಲಿ ಕೂತು, ತನ್ನ ಸ್ವರಗಳನ್ನು ಒಂದೊಂದಾಗಿ ಇಳಿಸುವುದನ್ನು ನೋಡಬೇಕಾದ ಪಾಡನ್ನು ಪತ್ರಿಕೆಯಲ್ಲಿ ತೋಡಿಕೊಂಡ. ಮಾರನೆಯ ವರ್ಷ ಅದೇ ಸಂಗೀತವನ್ನು ವಾದ್ಯವೃಂದದ ಕೃತಿಯಾಗಿ ಜೋಡಿಸಿ ಕಛೇರಿಗೆ ತಂದ. ಇನ್ನು ಇಳಿಸುತ್ತೀರೋ, ಇಳಿಸಿ ನೋಡೋಣ ಎಂಬಂತೆ.

ಅವನೂ 1973ರಲ್ಲಿ ಅದೇ ನಾರ್ಟನ್ ಪೀಠದಿಂದ ಆರು ಉಪನ್ಯಾಸ ಕೊಟ್ಟ. ಟಿವಿಗಾಗಿ ಚಿತ್ರೀಕರಿಸಿದ್ದರಿಂದ ನಾವು ಇಂದಿಗೂ ನೋಡಬಹುದು. ಕೆಲವು ಎರಡು ಗಂಟೆ ದಾಟುತ್ತವೆ. ಚಾಮ್‌ಸ್ಕಿಯ ಭಾಷಾಶಾಸ್ತ್ರವನ್ನು ಸಂಗೀತಕ್ಕೆ ಹೊಂದಿಸಲು ಅವನು ಪಡುವ ಪಾಡು ನನಗೆ ಸ್ವಲ್ಪ ಅತಿಯೆನಿಸುತ್ತದೆ. ಆದರೆ ಮನುಷ್ಯ ಪಿಯಾನೋ ಮುಂದೆ ಕೂತನೆಂದರೆ ಎಲ್ಲವನ್ನೂ ಕ್ಷಮಿಸಬೇಕು. ಒಂದು ಸ್ವರದ ಮನೆಯನ್ನು ಸದ್ದಾಗದಂತೆ ಮೆಲ್ಲಗೆ ಒತ್ತಿ ಹಿಡಿಯುತ್ತಾನೆ. ಅದರ ಕೆಳಗಿನ ಸ್ಥಾಯಿಯ ಅದೇ ಸ್ವರವನ್ನು ಜೋರಾಗಿ ಬಾರಿಸಿ ಕೈ ತೆಗೆಯುತ್ತಾನೆ. ಬಾರಿಸಿದ ತಂತಿ ಸುಮ್ಮನಾಗುತ್ತದೆ, ಬಾರಿಸದ ತಂತಿ ತೆಳ್ಳಗೆ ಗುಂಯ್‌ಗುಡುತ್ತದೆ.

ನಮ್ಮವರಿಗೆ ಇದು ಹೊಸ ವಿಷಯವಲ್ಲ. ಸರೋದಿನಲ್ಲಿ ತರಬ್ ತಂತಿಗಳ ಸಾಲೇ ಇರುತ್ತದೆ. ಜವಾ ಹಿಡಿದು ಮೀಟುವುದು ಮೇಲಿನ ತಂತಿಗಳನ್ನು, ಇವು ತಮ್ಮ ಸ್ವರ ಬಂದಾಗ ತಾವಾಗಿ ಮಿಡಿಯುತ್ತವೆ. ಸರೋದ್ ಎಂದಾಗ ರಾಜೀವ ತಾರಾನಾಥರು ನೆನಪಾಗದೆ ಇರುವುದಿಲ್ಲ. ಟಿ. ಎಸ್. ಎಲಿಯಟ್ಟನ ಕಾವ್ಯದ ಮೇಲೆ ಡಾಕ್ಟರೇಟ್ ಮಾಡಿದ ಇಂಗ್ಲಿಷ್ ಮೇಷ್ಟ್ರು, ಅಲಿ ಅಕ್ಬರ್ ಖಾನರ ಶಿಷ್ಯರು, 1970ರ 'ಸಂಸ್ಕಾರ' ಚಿತ್ರಕ್ಕೆ ಸಂಗೀತ ಕೊಟ್ಟವರು. ಅರವಿಂದನ್ ಅವರ ಮಲಯಾಳಂ ಚಿತ್ರ 'ಕಾಂಚನ ಸೀತಾ'ಕ್ಕೂ ಅವರದೇ ಸಂಗೀತ. 1995ರಿಂದ 2005ರವರೆಗೆ ಅವರು ಕ್ಯಾಲಿಫೋರ್ನಿಯಾದ ವಲೆನ್ಸಿಯಾದಲ್ಲಿರುವ ಕ್ಯಾಲ್‌ಆರ್ಟ್ಸ್‌ನಲ್ಲಿ ಹಿಂದೂಸ್ತಾನಿ ಸಂಗೀತ ಕಲಿಸಿದರು. ವಾಲ್ಟ್ ಡಿಸ್ನಿಯ ಮುಂದಾಳುತನದಲ್ಲಿ ಹುಟ್ಟಿದ ಸಂಸ್ಥೆ ಅದು, ಹಾಲಿವುಡ್ಡಿಗೆ ಹೆಚ್ಚು ದೂರವೂ ಅಲ್ಲ. ಕಾಪ್‌ಲ್ಯಾಂಡ್, ಬರ್ನ್‌ಸ್ಟೈನರ ಉಪನ್ಯಾಸಗಳು ಪುಸ್ತಕಗಳಾದವು. ಗುರು ಹಾಡಿ ತೋರಿಸಿದ್ದನ್ನು ಶಿಷ್ಯ ನುಡಿಸಿ ತೋರಿಸುವ ಪಾಠ ಹಾಗೆ ಪುಸ್ತಕವಾಗುವುದಿಲ್ಲ.

ನಮ್ಮ ವಿಶ್ವವಿದ್ಯಾಲಯಗಳೂ ಸಿನಿಮಾ ಸಂಗೀತಗಾರರನ್ನು ಕರೆಯುವುದಿಲ್ಲ ಎಂದಲ್ಲ. ಕರೆಯುತ್ತವೆ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಅದೃಷ್ಟವಿದ್ದರೆ ಗೌರವ ಡಾಕ್ಟರೇಟು. ಸ್ವಾಗತ ಭಾಷಣವೇ ಮುಕ್ಕಾಲು ಗಂಟೆ. ಸಂಗೀತಗಾರರು ಎರಡು ಸಾಲು ಗುನುಗಿ, ಸಂಜೆಯೊಳಗೆ ಕಾರು ಹತ್ತುತ್ತಾರೆ. ಅದರ ಬದಲು ಅವರಿಗೊಂದು ಕೋಣೆ, ಒಂದು ಪರದೆ, ಸದ್ದಿಲ್ಲದ ಒಂದು ರೀಲು, ಹತ್ತು ಹುಡುಗರನ್ನು ಕೊಟ್ಟು ಒಂದು ವರ್ಷ ಬಿಟ್ಟುಬಿಡಬೇಕು. ಎಲ್ಲಿ ಸಂಗೀತ ಬೇಕು, ಎಲ್ಲಿ ಬೇಡವೇ ಬೇಡ ಎಂದು ಹುಡುಗರು ಅವರೊಂದಿಗೆ ಜಗಳ ಕಾಯಲಿ. ಪೇಟ ಆಮೇಲೆ ತೊಡಿಸಿದರಾಯಿತು.